ಅಪ್ಪಯ್ಯ ಕೊಟ್ಟ ಫಸ್ಟ್ ರ‍್ಯಾಂಕ್

ಶಿರಸಿ ಕಡೆಯ ಮಳೆಗಾಲ. ಬೆಳಗಿನಿಂದ ಕರೆಂಟ್ ಇಲ್ಲ. ಟಿವಿ ಇಲ್ಲದ ಅಪ್ಪಯ್ಯ ಜಗಲಿಯಲ್ಲಿ ಕೂತು ಎಂಟನೇ ಕವಳ ಹಾಕುತ್ತಿದ್ದ. ಪಾಪ ಅನ್ನಿಸಿತು. ನಮ್ಮ ಫೋಟೋ ಬಳಗದ ಆ್ಯಪ್ ತೆಗೆದು, ಮೊಬೈಲ್ ಅವನ ಕೈಗೆ ಕೊಟ್ಟು ಸ್ನಾನಕ್ಕೆ ಹೋದೆ. ಹೊರಗೆ ಮಳೆ, ಬಚ್ಚಲಲ್ಲಿ ಹಂಡೆ ತುಂಬ ಬಿಸಿನೀರು. ಸ್ವಲ್ಪ ಜಾಸ್ತಿ ಹೊತ್ತೇ ಆಯಿತು. ಯಾವತ್ತೂ ಸಿಗದ ನೆಟ್‌ವರ್ಕ್ ಅವತ್ತೇ ನಾಲ್ಕು ಕಡ್ಡಿ ತೋರಿಸಬೇಕಾ?

ತಲೆ ಒರೆಸುತ್ತಾ ಬಂದರೆ ಅಪ್ಪಯ್ಯನ ಮುಖದಲ್ಲಿ ಪೇಪರ್ ತಿದ್ದಿ ಮುಗಿಸಿದ ಮಾಸ್ತರರ ಕಳೆ.

"ಎಲ್ಲದಕ್ಕೂ ನಂಬರ್ ಕೊಟ್ಟಿದ್ದಿ ತಮಾ. ಚಲೋ ಇದ್ದಿದ್ದಕ್ಕೆ ಒಂದನೇ ನಂಬರ್."

ನಮ್ಮ ಬಳಗದಲ್ಲಿ ಐದು ನಕ್ಷತ್ರ ಅಂದರೆ ಶಹಬ್ಬಾಸ್, ಒಂದು ಅಂದರೆ ಉಗಿದ ಹಾಗೆ. ಒಟ್ಟು 38 ಫೋಟೋ. ಎಲ್ಲ ನನ್ನ ಹೆಸರಲ್ಲಿ.

ನಾಲ್ವರು ಐದೈದು ಕೊಟ್ಟ ಫೋಟೋಗೆ ಇನ್ನೊಬ್ಬ ಒಂದು ಕೊಟ್ಟರೆ ಸರಾಸರಿ 4.2ಕ್ಕೆ ಜಾರುತ್ತದೆ. ಆ ಇನ್ನೊಬ್ಬ ಯಾರು ಅಂತ ಆ್ಯಪ್ ಹೆಸರು ಸಮೇತ ಹೇಳುತ್ತದೆ. ಮೊದಲ ಫೋನ್ ಸಿದ್ದಾಪುರದ ಭಾವನದು.

"ಕೊಳೆ ರೋಗ ಬಂದಿದ್ದು ಅಡಕೆಗೋ, ನಿನ್ನ ಕಣ್ಣಿಗೋ?"

ಅವನ ತೋಟದ ಫೋಟೋಗೆ ಒಂದು ಬಿದ್ದಿತ್ತು. ಅಪ್ಪಯ್ಯನನ್ನು ಕೇಳಿದರೆ, "ಅಡಕೆ ಕೊನೆಗೆ ಪ್ಲಾಸ್ಟಿಕ್ ಕೊಟ್ಟೆ ಎಷ್ಟು ಚೊಕ್ಕ ಕಟ್ಟಿದ್ದ ನೋಡು. ಒಂದು ಹನಿ ಒಳಗೆ ಹೋಗ್ತಿಲ್ಲೆ" ಎಂದ. ಬೆಳಕು, ಫ್ರೇಮು ಎಲ್ಲ ಯಾರಿಗೆ ಬೇಕು?

ತಿದ್ದಲು ಕೂತೆ. ಒಂದನ್ನು ಐದು ಮಾಡುವುದು ಸುಲಭ, ಒತ್ತಿದರೆ ಆಯಿತು. ಆದರೆ ನಾನೇ ಹಿಂದೆ ಮನಸಾರೆ ಒಂದು ಕೊಟ್ಟಿದ್ದವೂ ಅದರಲ್ಲೇ ಸೇರಿಕೊಂಡಿದ್ದವು. ಯಾವುದು ನಂದು, ಯಾವುದು ಅಪ್ಪಯ್ಯನದು? ಸುಮ್ನೆ ಎಲ್ಲದಕ್ಕೂ ಐದು ಒತ್ತಿದೆ. ಉಂಚಳ್ಳಿ ಜಲಪಾತದ ಫೋಟೋವನ್ನು ಮಾತ್ರ ಮುಟ್ಟಬೇಕಾಗಲಿಲ್ಲ. ಗೆಳೆಯ ಟ್ರೈಪಾಡ್ ಊರಿ, ಶಟರ್ ಎರಡು ಸೆಕೆಂಡ್ ತೆರೆದಿಟ್ಟು ತೆಗೆದಿದ್ದ. ಅಷ್ಟು ಹೊತ್ತು ತೆರೆದಿಟ್ಟರೆ ಹನಿ ಹನಿ ಕಾಣುವುದಿಲ್ಲ, ನೀರೆಲ್ಲ ನೊರೆಹಾಲಾಗುತ್ತದೆ. "ಹೊಳೆ ನೀರಲ್ಲ ಅದು, ಹಿಂಜಿದ ಹತ್ತಿ" ಅಂತ ಅಪ್ಪಯ್ಯ ಅದನ್ನು ಐದನೇ ನಂಬರಿಗೆ ತಳ್ಳಿದ್ದ!

ಕಷ್ಟ ಬಂದಿದ್ದು ಕಾರವಾರದ ಫೋಟೋದಲ್ಲಿ. ಟಾಗೋರ್ ಕಡಲತೀರದ ಸೂರ್ಯಾಸ್ತ. ಕ್ಯಾಮೆರಾ ಎಷ್ಟು ವಾಲಿತ್ತೆಂದರೆ ಸಮುದ್ರವೆಲ್ಲ ಗೋವಾ ಕಡೆ ಹರಿದು ಖಾಲಿಯಾಗುವ ಹಾಗಿತ್ತು. ಅಪ್ಪಯ್ಯ ಸರಿಯಾಗೇ ಅದನ್ನು ಕೊನೆಗೆ ಹಾಕಿದ್ದ, ಅಂದರೆ ಐದು. ತೆಗೆದವರು ಆಗಲೇ ಹನ್ನೆರಡು ಗುಲಾಬಿ ಕಳಿಸಿ, "ಕಲೆ ಗುರುತಿಸುವ ಕಣ್ಣು ನಿಮ್ಮದು ಸರ್" ಎಂದು ಬರೆದಿದ್ದರು. ಈಗ ಅದನ್ನು ಒಂದಕ್ಕೆ ಇಳಿಸುವ ಧೈರ್ಯ ನಿಮಗಿದೆಯಾ? ನನಗಂತೂ ಇರಲಿಲ್ಲ.

ಒಂದು ಪಡೆದು ನೊಂದವರಿಗೆ ನನ್ನ ಐದು ಸಾಲಲಿಲ್ಲ. ಆ ವಾರ ನನ್ನ ಯಾಣದ ಫೋಟೋ ಹಾಕಿದ್ದೆ. 120 ಮೀಟರ್‌ನ ಭೈರವೇಶ್ವರ ಶಿಖರದ ತುದಿ ಕತ್ತರಿಸದೆ ಹಿಡಿಯಲು ನೆಲಕ್ಕೆ ಮಲಗಿ, ಉಂಬಳಕ್ಕೆ ರಕ್ತ ಕೊಟ್ಟು ತೆಗೆದಿದ್ದು. ಸಂಜೆಯೊಳಗೆ ಸರಾಸರಿ 1.9.

ಅಪ್ಪಯ್ಯ ಕನ್ನಡಕ ಏರಿಸಿ ಇಣುಕಿದ.

"ಎರಡನೇ ನಂಬರಿಗೆ ಬಂಜಲಾ ತಮಾ! ಅಡ್ಡಿಲ್ಲೆ."