ಆ ಕರಪತ್ರಕ್ಕೆ ಇಬ್ಬರು ಓದುಗರಿದ್ದರು

ಎರಡನೇ ಮಹಾಯುದ್ಧದಲ್ಲಿ ಪೆಸಿಫಿಕ್ ದ್ವೀಪಗಳ ಮೇಲೆ ಅಮೆರಿಕದ ವಿಮಾನಗಳು ಉದುರಿಸಿದ, ಶರಣಾಗತಿಗೆ ಕರೆಯುವ ಜಪಾನಿ ಭಾಷೆಯ ಕರಪತ್ರಗಳ ಮಾತು ಬಂದಾಗಲೆಲ್ಲ, ಪ್ರಾಣ ಬಿಟ್ಟಾನೇ ಹೊರತು ಶರಣಾಗದ ಜಪಾನಿ ಸೈನಿಕನಿಗೆ ಕಾಗದ ಎಸೆದು ಏನು ಬಂತು ಎಂದು ಕೇಳುವವರಿದ್ದಾರೆ. ಈ ಮಾತು ನಿರಾಧಾರವೇನಲ್ಲ. 1941ರ ಜನವರಿಯಲ್ಲಿ ಜಪಾನಿನ ಯುದ್ಧಮಂತ್ರಿ ತೋಜೊ ಹೊರಡಿಸಿದ ‘ಸೆಂಜಿನ್‌ಕುನ್’ ಎಂಬ ಸೈನಿಕ ಸಂಹಿತೆಯು, ಸೆರೆಯಾಳಾಗಿ ಅವಮಾನ ಹೊತ್ತು ಬದುಕಕೂಡದೆಂದು ವಿಧಿಸಿತ್ತು. 1943ರ ಮೇ ತಿಂಗಳಲ್ಲಿ ಅಲಾಸ್ಕಾದ ಅಟ್ಟು ದ್ವೀಪದಲ್ಲಿ 2,000ಕ್ಕೂ ಮಿಕ್ಕಿದ್ದ ಜಪಾನಿ ಪಡೆಯಲ್ಲಿ ಜೀವಸಹಿತ ಸೆರೆಸಿಕ್ಕವರು ಸುಮಾರು 30 ಮಂದಿ ಮಾತ್ರ.

ಆದರೆ ಅಂಥ ಶರಣಾಗತಿಯ ಕರಪತ್ರವೊಂದನ್ನು ಗಮನವಿಟ್ಟು ನೋಡಿದರೆ, ಜಪಾನಿ ಬರಹದ ಜೊತೆಗೆ ಇಂಗ್ಲಿಷಿನ ಕೆಲವು ಸಾಲುಗಳೂ ಕಾಣುತ್ತವೆ. ಅವು ಅಮೆರಿಕದ ಸೈನಿಕರಿಗೇ ಬರೆದವು: ಹೋರಾಟ ನಿಲ್ಲಿಸಿ ಬರುವ ಜಪಾನಿಗೆ ಮಾನವೀಯ ನಡವಳಿಕೆಯ ಭರವಸೆ ಕೊಡಲಾಗಿದೆ, ಅವನನ್ನು ಕೂಡಲೇ ಹತ್ತಿರದ ಅಧಿಕಾರಿಯ ಬಳಿಗೆ ಕರೆದೊಯ್ಯಿರಿ, ಇದು ಮಹಾದಂಡನಾಯಕರ ಆಜ್ಞೆ. ಶತ್ರುವಿನ ಕೈಗೆ ಕೊಡುವ ಕಾಗದದಲ್ಲಿ ತಮ್ಮವರಿಗೆ ಆಜ್ಞೆ ಬರೆಯಬೇಕಾಗಿ ಬಂದದ್ದೇಕೆ? ಕೈಯೆತ್ತಿ ಬಂದವರನ್ನೂ ಗುಂಡಿಕ್ಕಿ ಕೊಲ್ಲುವುದು ಆ ರಣರಂಗದಲ್ಲಿ ಅಪರೂಪವಾಗಿರಲಿಲ್ಲ. ಶರಣಾಗುವಂತೆ ನಟಿಸಿ ಗ್ರೆನೇಡ್ ಸಿಡಿಸಿದ ಜಪಾನಿಗಳ ಭಯ ಒಂದು ಕಾರಣವಾದರೆ, ಸೇಡು ಮತ್ತು ಜನಾಂಗದ್ವೇಷ ಇನ್ನೆರಡು. ಬಂದವರನ್ನು ಕೊಲ್ಲದಿರುವಂತೆ ಸೈನಿಕರನ್ನು ಒಪ್ಪಿಸಲು ಐಸ್‌ಕ್ರೀಮ್ ಮತ್ತು ಮೂರು ದಿನದ ರಜೆಯ ಆಮಿಷ ಒಡ್ಡಬೇಕಾಯಿತೆಂದು ಅಮೆರಿಕದ ಗುಪ್ತಚರ ವರದಿಯೊಂದು ದಾಖಲಿಸಿದೆ. (ಒಂದು ಜೀವದ ಬೆಲೆ ಐಸ್‌ಕ್ರೀಮಿಗೆ ಇಳಿದದ್ದನ್ನು ಓದಿದಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ.)

ನೈಋತ್ಯ ಪೆಸಿಫಿಕ್ಕಿನ ದಂಡನಾಯಕನಾಗಿದ್ದ ಅಮೆರಿಕದ ಜನರಲ್ ಮೆಕಾರ್ಥರ್ ಸೇನೆಯಲ್ಲಿ 1944ರಲ್ಲಿ ಬಾನರ್ ಫೆಲರ್ಸ್ ನೇತೃತ್ವದಲ್ಲಿ ಆರಂಭವಾದ ಮನೋಯುದ್ಧ (ಪ್ರಚಾರದಿಂದ ಶತ್ರುವಿನ ಮನಸ್ಸನ್ನು ಮಣಿಸುವ) ವಿಭಾಗವು ಜಪಾನಿನ ಚಕ್ರವರ್ತಿಯನ್ನು ನಿಂದಿಸದೆ ಸೋಲಿನ ಹೊಣೆಯನ್ನು ಸೇನಾನಾಯಕರ ತಲೆಗೆ ಕಟ್ಟಿದ್ದು, ಸೆರೆಯಾಳುಗಳಿಂದಲೇ ಕರಪತ್ರಗಳ ಕರಡು ತಿದ್ದಿಸಿಕೊಂಡದ್ದು, ಇವೆಲ್ಲ ಜಾಣ ನಡೆಗಳೇ. ಅದಕ್ಕೂ ಹೆಚ್ಚಾಗಿ, ಸೆರೆಯಾಳಿನಿಂದ ದೊರೆಯುವ ಮಾಹಿತಿ ತಮ್ಮ ಸೈನಿಕರ ಪ್ರಾಣವನ್ನೇ ಉಳಿಸುತ್ತದೆಂದು ತಮ್ಮ ಪಡೆಗಳಿಗೆ ಮನವರಿಕೆ ಮಾಡಿಸಲು ಪಟ್ಟ ಪಾಡನ್ನೇ ನಾನು ಮುಖ್ಯವೆಂದು ಎಣಿಸುತ್ತೇನೆ. ಪೊದೆಯ ಮರೆಯಲ್ಲಿ ಕುಳಿತು ಆ ಕಾಗದ ಓದಿದವನು, ತನಗಿಂತ ಮೊದಲು ಅದನ್ನು ಹಿಡಿದು ಹೊರಟವನಿಗೆ ಏನಾಯಿತೆಂಬುದನ್ನು ನೋಡದೆ ಹೆಜ್ಜೆ ಇಡುವುದಾದರೂ ಹೇಗೆ?

1945ರಲ್ಲಿ ಜಪಾನಿನ ಓಕಿನಾವಾ ದ್ವೀಪದಲ್ಲಿ ಸೆರೆಯಾದ ಸೈನಿಕರ ಸಂಖ್ಯೆ 7,000 ದಾಟಿತು. ಅವರಲ್ಲಿ ಬಲವಂತವಾಗಿ ಸೇನೆಗೆ ಸೇರಿಸಲ್ಪಟ್ಟ ಸ್ಥಳೀಯರೂ ಬಹಳ ಮಂದಿ ಇದ್ದರು. ಹಸಿವಿತ್ತು, ಸೋಲು ಖಚಿತವಾಗಿತ್ತು, ಗುಹೆಗಳ ಬಾಯಲ್ಲಿ ನಿಂತು ಜಪಾನಿ ಮೂಲದ ಅಮೆರಿಕನ್ ಸೈನಿಕರು ಕೂಗಿ ಕರೆಯುತ್ತಿದ್ದರು. ಹಾಗಾಗಿ ಶ್ರೇಯವೆಲ್ಲ ಕರಪತ್ರದ್ದೆಂದು ನಾನು ಹೇಳಲಾರೆ. ಆದರೂ ಜಪಾನಿ ಸೈನಿಕ ಶರಣಾಗುವ ಜಾತಿಯವನೇ ಅಲ್ಲವೆಂದು ಇಂದಿಗೂ ಬರೆಯುವವರು, ಆ ಕಾಗದದ ಇಂಗ್ಲಿಷ್ ಭಾಗವನ್ನೂ ಒಮ್ಮೆ ಓದಬೇಕು.