ಆಟದ ಊಟ ಹತ್ತು ಗಂಟೆಗೇ ಮುಗಿಯಬಾರದು

ಮೊನ್ನೆ ಪಕ್ಕದ ಊರಿನ ಗದ್ದೆಯಲ್ಲಿ ಹರಕೆ ಆಟ, ಅಂದ್ರೆ ದೇವರಿಗೆ ಹರಕೆ ಹೊತ್ತ ಮನೆಯವರು ಆಡಿಸುವ ಯಕ್ಷಗಾನ ಇತ್ತು. ಇಡೀ ರಾತ್ರಿಯ ದೇವಿ ಮಹಾತ್ಮೆ, ದೇವಿ ಮಹಿಷಾಸುರನಂಥ ರಾಕ್ಷಸರನ್ನು ಕೊಲ್ಲುವ ಕಥೆ. ಏಳೂವರೆಗೆ ಹೋದಾಗ ಊಟದ ಸಾಲು ಚಪ್ಪರ ದಾಟಿ ರಸ್ತೆಯವರೆಗೆ ಬಂದಿತ್ತು. ಎರಡು ಬಗೆ ಪಾಯಸ, ಹೋಳಿಗೆ, ಕಡಲೆ ಗಸಿ, ಪುಲಾವ್, ಕೊನೆಗೆ ಐಸ್‌ಕ್ರೀಮ್. ಬಡಿಸುವವರು ಒಬ್ಬರನ್ನೂ ಬಿಡದೆ ಒತ್ತಾಯ ಮಾಡಿ ಬಡಿಸಿದರು. ಊಟ ನಿಜಕ್ಕೂ ಚೆನ್ನಾಗಿತ್ತು.

ಹತ್ತೂವರೆಗೆ ತಿರುಗಿ ನೋಡಿದೆ. ಅರ್ಧಕ್ಕರ್ಧ ಕುರ್ಚಿ ಖಾಲಿ. ರಂಗಸ್ಥಳದಲ್ಲಿ ಇನ್ನೂ ಮಧು ಕೈಟಭರು ಇದ್ದರು. ಮಹಿಷಾಸುರ ಬರುವುದಕ್ಕೆ ಗಂಟೆಗಟ್ಟಲೆ ಸಮಯ ಇತ್ತು. ಕ್ಯಾಟರಿಂಗ್‌ನವರು ಪಾತ್ರೆ ತೊಳೆದು ಟೆಂಪೋಗೆ ತುಂಬಿಸುತ್ತಿದ್ದರು. ಆ ಪಾತ್ರೆಗಳ ಸದ್ದು ಭಾಗವತರ ಪದದ ನಡುವೆ ಬಂದು ಬೀಳುತ್ತಿತ್ತು. ನನಗೆ ತುಂಬಾ ಬೇಜಾರಾಯಿತು.

ಬೇಜಾರು ಊಟ ಹಾಕಿದ್ದಕ್ಕಲ್ಲ. ಆಟ ಅಂದ ಮೇಲೆ ಊಟ ಇರಲೇಬೇಕು. ನಮ್ಮ ಕರಾವಳಿಯಲ್ಲಿ ಆಟ ಆಡಿಸುವುದು ಅಂದ್ರೆ ಬಂದವರ ಹೊಟ್ಟೆ ನೋಡಿಕೊಳ್ಳುವುದೂ ಹೌದು. ಆದರೆ ಆ ಊಟ ಕಥೆಯ ಜೊತೆ ನಡೆಯಬೇಕು. ಈಗ ಏನಾಗುತ್ತಿದೆ ಅಂದ್ರೆ, ಊಟವೇ ಒಂದು ಕಾರ್ಯಕ್ರಮ, ಆಟ ಬೇರೆಯೇ ಒಂದು ಕಾರ್ಯಕ್ರಮ. ಮೊದಲಿನದು ಮುಗಿದ ಕೂಡಲೇ ಜನ ಬೈಕ್ ಸ್ಟಾರ್ಟ್ ಮಾಡುತ್ತಾರೆ.

ನಾನು ಚಿಕ್ಕವಳಿದ್ದಾಗ ಅಜ್ಜಿ ಚಾಪೆ, ಹೊದಿಕೆ, ಒಂದು ಪೊಟ್ಟಣ ನೆಲಗಡಲೆ ಹಿಡಿದು ಹೊರಡುತ್ತಿದ್ದರು. ಆಟದ ಶುರುವಿಗೆ ಬಾಲಗೋಪಾಲ ವೇಷದವರು ಕುಣಿಯುವಾಗ ಕಣ್ಣರಳಿಸಿ ಕೂರುತ್ತಿದ್ದ ನಾವು, ಹನ್ನೊಂದಕ್ಕೆಲ್ಲ ಚಾಪೆ ಮೇಲೆ ಉರುಳುತ್ತಿದ್ದೆವು. ಗದ್ದೆಯ ಬದಿಯಲ್ಲಿ ಒಬ್ಬರು ಗೋಳಿಬಜೆ ಅಂಗಡಿ ಇಡುತ್ತಿದ್ದರು. ಒಂದು ಮೇಜು, ಒಂದು ಸ್ಟವ್, ಒಂದು ಗ್ಯಾಸ್‌ಲೈಟ್. ಹುಳಿ ಮೊಸರಲ್ಲಿ ಕಲಸಿದ ಮೈದಾ, ಶುಂಠಿ, ಹಸಿಮೆಣಸು, ತೆಂಗಿನಕಾಯಿ ಚೂರು. ಅವರು ರಂಗಸ್ಥಳಕ್ಕೆ ಬೆನ್ನು ಹಾಕಿಯೇ ನಿಲ್ಲುತ್ತಿದ್ದರು. ಆದರೆ ಚೆಂಡೆಯ ಪೆಟ್ಟಿನಲ್ಲೇ ಕಥೆ ಎಲ್ಲಿಗೆ ಬಂತು ಅಂತ ಅವರಿಗೆ ಗೊತ್ತಾಗುತ್ತಿತ್ತು. ಯುದ್ಧ ಮುಗಿಯುವ ಹೊತ್ತಿಗೆ ಸರಿಯಾಗಿ ಎಣ್ಣೆ ಕಾದಿರುತ್ತಿತ್ತು. ಜನ ಎದ್ದು ಬಂದು, ಬಿಸಿ ಬಿಸಿ ತಿಂದು, ಚಾ ಕುಡಿದು, ಮುಂದಿನ ವೇಷ ಬರುವಷ್ಟರಲ್ಲಿ ಮತ್ತೆ ಚಾಪೆಗೆ. ಮಹಿಷಾಸುರ ಬರುವ ಮೊದಲು ಅಜ್ಜಿ ನಮ್ಮನ್ನು ಎಬ್ಬಿಸುತ್ತಿದ್ದದ್ದೂ ಹಾಗೆಯೇ. ಬಾಯಿಗೆ ಗೋಳಿಬಜೆಯ ಒಂದು ಚೂರು ಇಟ್ಟು. ಕಣ್ಣು ಬಿಟ್ಟರೆ ಜನರ ನಡುವಿನಿಂದಲೇ ದೊಂದಿ ಬೆಳಕು, ಗರ್ನಾಲು ಪಟಾಕಿಯ ಸದ್ದು, ಆ ಎರಡು ಕೊಂಬು. ಇವತ್ತಿಗೂ ಗೋಳಿಬಜೆ ತಿಂದರೆ ನನಗೆ ಮಹಿಷ ನೆನಪಾಗುತ್ತಾನೆ.

ಇನ್ನು ಕಲಾವಿದರು ಬಣ್ಣ ಹಚ್ಚಿಕೊಳ್ಳುವ ಚೌಕಿಯ ವಿಷಯ. ಮೊನ್ನೆ ಹನ್ನೊಂದರ ಹೊತ್ತಿಗೆ ಪರಿಚಯದ ಒಬ್ಬ ಕಲಾವಿದರನ್ನು ನೋಡಲು ಹೋದೆ. ಬಣ್ಣದ ವೇಷದವರು, ಅಂದ್ರೆ ರಾಕ್ಷಸ ಪಾತ್ರ ಮಾಡುವವರು. ಕನ್ನಡಿ ಹಿಡಿದು ಮುಖಕ್ಕೆ ಚಿಟ್ಟಿ ಇಡುತ್ತಾ ಕೂತಿದ್ದರು. ಅಕ್ಕಿಹಿಟ್ಟು, ಸುಣ್ಣ ಸೇರಿಸಿ ಕಲಸಿದ್ದನ್ನು ಕಡ್ಡಿಯಲ್ಲಿ ತೆಗೆದು ಒಂದೊಂದೇ ಚುಕ್ಕೆ. ಗಂಟೆಗಟ್ಟಲೆಯ ಕೆಲಸ. ಒಮ್ಮೆ ಒಣಗಿದ ಮೇಲೆ ಬಾಯಿ ಅಗಲಿಸುವ ಹಾಗಿಲ್ಲ, ಬಿರುಕು ಬಿಡುತ್ತದೆ.

"ಊಟ ಆಯ್ತಾ ಅಣ್ಣ?" ಅಂತ ಕೇಳಿದೆ.

"ನಾವು ಆರಕ್ಕೆ ಬಂದಾಗ ಅನ್ನ ಆಗಿರ್ಲಿಲ್ಲ. ಆಮೇಲೆ ಹೋಗುವಾಗ ಸಾಲು ದೊಡ್ಡದಿತ್ತು. ಇನ್ನು ಬೆಳಿಗ್ಗೆಯೇ" ಅಂದರು, ತುಟಿ ಹೆಚ್ಚು ಅಲ್ಲಾಡಿಸದೆ. ಚಾ ತರಲಾ ಅಂದಾಗ, "ಸ್ವಲ್ಪ ತಣಿಸಿ ತನ್ನಿ ಅಕ್ಕ, ಒಂದು ಸ್ಟ್ರಾ ಸಿಕ್ಕಿದ್ರೆ ಅದನ್ನೂ" ಅಂದರು.

ಚಾ ಸಿಕ್ಕಿತು. ಸ್ಟ್ರಾ ಐಸ್‌ಕ್ರೀಮ್ ಕೊಡುತ್ತಿದ್ದ ಹುಡುಗನ ಹತ್ತಿರ ಇತ್ತು. ಎರಡು ಬಗೆ ಪಾಯಸ ಹಾಕಿದ ಜಾಗದಲ್ಲಿ, ಇಡೀ ರಾತ್ರಿ ನಮಗೋಸ್ಕರ ಕುಣಿಯುವ ಮನುಷ್ಯ ಅಷ್ಟು ಚಾದಲ್ಲಿ ಬೆಳಗು ಮಾಡಿದರು. ಬೆಳಿಗ್ಗೆ ಬಣ್ಣ ತೆಗೆದು ಬಂದಾಗಲೂ ಬಿಸಿ ಏನೂ ಇರಲಿಲ್ಲ, ಅಡುಗೆಯವರು ರಾತ್ರಿಯೇ ಹೋಗಿದ್ದರಲ್ವಾ. ಆ ಮನೆಯವರು ಕೆಟ್ಟವರಲ್ಲ, ಖರ್ಚಿಗೆ ಹಿಂದೆ ಮುಂದೆ ನೋಡಿದವರೂ ಅಲ್ಲ. ಆಟದ ಗಡಿಯಾರ ಬೇರೆ, ಮದುವೆಯ ಗಡಿಯಾರ ಬೇರೆ ಅನ್ನುವುದನ್ನು ಯಾರೂ ಅವರಿಗೆ ಹೇಳಿರಲಿಲ್ಲ ಅಷ್ಟೇ.

ನನ್ನ ಕೋರಿಕೆ ಇಷ್ಟು. ಐಟಂ ಕಡಿಮೆ ಮಾಡಿ, ಹೊತ್ತು ಹಂಚಿ. ಚೌಕಿಯವರಿಗೆ ಬಣ್ಣಕ್ಕೆ ಕೂರುವ ಮೊದಲೇ ಬೇರೆ ಎಲೆ ಹಾಕಿ. ಬಂದವರಿಗೆ ಎಂಟಕ್ಕೆ ಅನ್ನ, ಸಾರು, ಒಂದು ಪಲ್ಯ, ಒಂದು ಪಾಯಸ ಸಾಕು. ಉಳಿದ ದುಡ್ಡಲ್ಲಿ ರಾತ್ರಿ ಒಂದು ಗಂಟೆಗೆ ಕುಚ್ಚಲಕ್ಕಿ ಗಂಜಿ, ಚಟ್ನಿ, ಉಪ್ಪಿನಕಾಯಿ ಕೊಡಿ. ಚಳಿಗೆ ಕಷಾಯ ಕೊಡಿ. ಭಾಗವತರಿಗೆ, ಚೆಂಡೆ ಮದ್ದಳೆಯವರಿಗೆ ಫ್ಲಾಸ್ಕಿನಲ್ಲಿ ಬಿಸಿನೀರು ಕಳಿಸಿ. ಬೆಳಿಗ್ಗೆ ಮಂಗಳ ಹಾಡಿ ಆಟ ಮುಗಿದ ಮೇಲೆ ಸಜ್ಜಿಗೆ ಬಜಿಲ್ (ಉಪ್ಪಿಟ್ಟು, ಅವಲಕ್ಕಿ) ಮತ್ತು ಕಾಫಿ. ಇದಕ್ಕೆ ದೊಡ್ಡ ಕ್ಯಾಟರಿಂಗ್ ಬೇಡ, ಮನೆಯ ನಾಲ್ಕು ಜನ, ಒಂದು ಒಲೆ ಸಾಕು.

ಬೆಳಗಿನವರೆಗೆ ಹೋಗದೆ ಕೆಲವೇ ಗಂಟೆಯಲ್ಲಿ ಮುಗಿಯುವ ಕಾಲಮಿತಿ ಆಟಗಳಲ್ಲಿ ಸಮಸ್ಯೆ ಇನ್ನೂ ಜಾಸ್ತಿ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ನಿರ್ಬಂಧ ಇದೆ. ಆ ಕಾರಣಕ್ಕೆ 2022ರಲ್ಲಿ ಕಟೀಲು ದೇವಸ್ಥಾನದ ಯಕ್ಷಗಾನ ಮೇಳದ ಆಟವೂ ಕಾಲಮಿತಿಗೆ ಬಂದಿತ್ತು, ಇಡೀ ರಾತ್ರಿಯ ಆಟ ಬೇಕು ಅಂತ ಭಕ್ತರು ಎಷ್ಟು ಬೇಡಿಕೊಂಡರು ಅನ್ನುವುದು ನಿಮಗೆಲ್ಲ ನೆನಪಿರಬಹುದು. ಆಟ ಇರುವುದೇ ಐದಾರು ಗಂಟೆ ಅಂದಾಗ ಅದರ ನಡುವೆಯೇ ಎರಡು ಗಂಟೆ ಊಟದ ಸಾಲು ನಡೆದರೆ ಕಥೆ ಕೇಳುವವರು ಯಾರು? ಅಂಥ ಕಡೆ ಸಂಜೆ ಅವಲಕ್ಕಿ, ಚಾ ಕೊಟ್ಟು ಕೂರಿಸಿ. ಊಟ ಮಂಗಳ ಆದ ಮೇಲೆಯೇ ಇರಲಿ.

ಬೆಳಿಗ್ಗೆ ಕೆಲಸಕ್ಕೆ ಹೋಗುವವರು ಹತ್ತಕ್ಕೆ ಎದ್ದರೆ ತಪ್ಪೇನಿಲ್ಲ. ನಾನೂ ಎಷ್ಟೋ ಸಲ ಎದ್ದು ಬಂದಿದ್ದೇನೆ. ಆದರೆ ಇರಬೇಕು ಅನ್ನುವ ಮನಸ್ಸಿರುವವರು ನಡುರಾತ್ರಿಯಲ್ಲಿ ಹಸಿವು, ಚಳಿ ತಡೆಯದೆ ಏಳುವ ಹಾಗೆ ಆಗಬಾರದು.

ಹರಕೆ ಆಟಕ್ಕೆ ಹೆಸರು ಬರೆಸಿ ಜನ ವರ್ಷಗಟ್ಟಲೆ ಕಾಯುತ್ತಾರೆ. ನಮ್ಮ ಮನೆಯವರೂ ಕಾದು ಕಾದು ಈ ಸಲ ನಮ್ಮ ಸರದಿ ಬಂದಿದೆ, ಮೇ ಕೊನೆಯಲ್ಲಿ ಮೇಳದ ತಿರುಗಾಟ ಮುಗಿಯುವ ಪತ್ತನಾಜೆಯ ಒಳಗೆ. ಐಸ್‌ಕ್ರೀಮ್ ಇರುವುದಿಲ್ಲ. ಗಂಜಿಗೆ ಅಕ್ಕಿ ಈಗಾಗಲೇ ತೆಗೆದಿಟ್ಟಿದ್ದೇವೆ, ಮಾವಿನ ಮಿಡಿ ಭರಣಿಯಲ್ಲಿದೆ. ದಿನ ಗೊತ್ತಾದ ಕೂಡಲೇ ಇಲ್ಲೇ ಬರೆಯುತ್ತೇನೆ. ಬರುವಾಗ ಚಾಪೆ ತನ್ನಿ.