ಇದ್ದವರು ಮಾತಾಡುವುದಿಲ್ಲ

ಮನೆಯ ಮುಂದೆ ನಿಂತು "ಯಾರಾದರೂ ಇದ್ದೀರಾ?" ಎಂದು ಕೂಗಿದರೆ ಒಳಗಿದ್ದವರು ಓಗೊಡುತ್ತಾರೆ, ಯಾರೂ ಇಲ್ಲದಿದ್ದರೆ ಸದ್ದು ಬರುವುದಿಲ್ಲ. ಪರ್ಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಮನೆಯಲ್ಲಿ ಈ ಲೋಕರೂಢಿ ತಲೆಕೆಳಗಾಗಿದೆ. ಯಾವುದೋ ಮಾಡ್ಯೂಲ್, ಅಂದರೆ ಪ್ರೋಗ್ರಾಮುಗಳು ಎರವಲು ಪಡೆದು ಬಳಸುವ ಸಿದ್ಧ ತುಣುಕು, ಕಂಪ್ಯೂಟರಿನಲ್ಲಿ ಇದೆಯೇ ಎಂದು ಕೇಳಿದಾಗ, ಇದ್ದರೆ ಅದು ತುಟಿ ಪಿಟಕ್ಕೆನ್ನುವುದಿಲ್ಲ. ಇಲ್ಲದಿದ್ದರೆ ಮಾತ್ರ ತಾನಿಲ್ಲವೆಂಬುದನ್ನೂ, ತನಗಾಗಿ ಯಾವ ಯಾವ ಫೋಲ್ಡರುಗಳಲ್ಲಿ ಹುಡುಕಾಟ ನಡೆಯಿತೆಂಬುದನ್ನೂ ಸಾಲುಗಟ್ಟಲೆ ವರದಿ ಒಪ್ಪಿಸುತ್ತದೆ.

ಕೇಳುವ ಕ್ರಮವೇನೋ ಸರಳ. ಪರ್ಲ್ ಎಂದು ಬರೆದು, ಒಂದು ಅಡ್ಡಗೆರೆ, ದೊಡ್ಡಕ್ಷರದ ಎಂ, ಅದಕ್ಕೆ ಅಂಟಿದಂತೆಯೇ ಮಾಡ್ಯೂಲಿನ ಹೆಸರು, ಆಮೇಲೆ ಜಾಗ ಬಿಟ್ಟು ಇನ್ನೊಂದು ಅಡ್ಡಗೆರೆ, ಚಿಕ್ಕ ಇ, ಕೊನೆಯಲ್ಲಿ 1 ಎಂಬ ಅಂಕಿ. ಆ 1 ಎಂಬುದು ಲೆಕ್ಕಕ್ಕೆ ಒಂದು ಪೂರ್ಣಪ್ರಮಾಣದ ಪ್ರೋಗ್ರಾಮು, ಮತ್ತು ಏನನ್ನೂ ಮಾಡದಿರುವುದೇ ಅದರ ಏಕೈಕ ಕರ್ತವ್ಯ. ಲ್ಯಾರಿ ವಾಲ್ 1987ರಲ್ಲಿ ಹೊರತಂದ ಈ ಭಾಷೆಯಲ್ಲಿ ಕೆಲಸ ಮಾಡದ ಪ್ರೋಗ್ರಾಮಿಗೂ ಒಂದು ಗೌರವದ ಸ್ಥಾನವಿರುವುದು ನನಗೆ ಬಹಳ ಹಿಡಿಸಿದ ಸಂಗತಿ.

ಇಷ್ಟನ್ನು ಕೀಲಿಮಣೆಯ ಮುಂದೆ ಕುಳಿತು ಬರೆಯುವುದು ಬೇರೆ, ಫೋನಿನಲ್ಲಿ ಇನ್ನೊಬ್ಬರಿಂದ ಬರೆಸುವುದು ಬೇರೆ. ಬೇರೆ ವಿಭಾಗದ ಹಿರಿಯರೊಬ್ಬರ ಬಳಿ, ರಾತ್ರಿ ತಾನಾಗಿ ಓಡಿ ಬೆಳಗಾಗುವಷ್ಟರಲ್ಲಿ ವರದಿ ಸಿದ್ಧಪಡಿಸಬೇಕಾದ ಸ್ಕ್ರಿಪ್ಟೊಂದು ಮುಷ್ಕರ ಹೂಡಿತ್ತು. ಅದಕ್ಕೆ ಬೇಕಾದ, ಅಂತರಜಾಲದ ಪುಟಗಳನ್ನು ತರಿಸಿಕೊಡುವ ಎಲ್‌ಡಬ್ಲ್ಯೂಪಿ ಯೂಸರ್‌ಏಜೆಂಟ್ ಎಂಬ ಮಾಡ್ಯೂಲ್ ಇದೆಯೇ ಎಂದು ಮೊದಲು ನೋಡೋಣವೆಂದು ನಾನು ಸೂಚಿಸಿದೆ. ಎರಡು ಪದಗಳ ನಡುವೆ ಎರಡು ಕೋಲನ್ ಹಾಕಿ ಎಂದೆ. ಅವರು ಮಿತವ್ಯಯಿಗಳು, ಒಂದನ್ನೇ ಹಾಕಿದರು. ಹೆಸರಿನಲ್ಲಿ ಒಂಟಿ ಕೋಲನ್ ಇದೆ ಎಂದು ಬೆರಳು ಮಾಡಿ ತೋರಿಸುವುದಕ್ಕೆಂದೇ ಪರ್ಲಿನಲ್ಲಿ ಪ್ರತ್ಯೇಕವಾದ ದೋಷಸಂದೇಶವೊಂದಿದೆ. ಅದನ್ನು ಸೇರಿಸಿದ ಪುಣ್ಯಾತ್ಮರು ಎಂದೋ ಒಂದು ದಿನ ಫೋನಿನಲ್ಲಿ ಯಾರಿಗೋ ಮಾಡ್ಯೂಲಿನ ಹೆಸರು ಬರೆಸಿದ್ದಿರಬೇಕೆಂದು ನನ್ನ ಗುಮಾನಿ. ಅಂತೂ ಎರಡನೆಯ ಕೋಲನ್ ಸೇರಿತು.

"ಏನು ಬಂತು ಸಾರ್?"

"ಏನೂ ಬರಲಿಲ್ಲ."

"ಒಂದು ಸಾಲೂ ಇಲ್ಲವೇ?"

"ಇಲ್ಲ."

"ಹಾಗಾದರೆ ಇದೆ."

"ಇಲ್ಲ ಅಂತಿದ್ದೀನಲ್ರೀ!"

"ಇಲ್ಲ ಅಂದರೇ ಇದೆ ಅಂತ ಸಾರ್."

ಮೌನಂ ಸಮ್ಮತಿ ಲಕ್ಷಣಂ ಎಂದು ನೋಡಿದೆ. ಅವರು ಒಪ್ಪಲಿಲ್ಲ, ಮತ್ತು ಅವರ ಸಂಶಯ ಪೂರ್ತಿ ನಿರಾಧಾರವೂ ಆಗಿರಲಿಲ್ಲ. ಏಕೆಂದರೆ ಪರ್ಲಿನ ಮೌನದಲ್ಲಿಯೇ ಎರಡು ಬಗೆ. ಆಜ್ಞೆಯ ಕೊನೆಯ ಇ ಮತ್ತು 1ನ್ನು ಬರೆಯಲು ಮರೆತರೆ, ಪ್ರೋಗ್ರಾಮನ್ನು ಈಗ ನೀವೇ ಕೀಲಿಸುತ್ತೀರೆಂದು ನಂಬಿಕೊಂಡು ಪರ್ಲ್ ಕಾದು ಕುಳಿತುಬಿಡುತ್ತದೆ. ಈ ಕಡೆ ಮನುಷ್ಯರು ಅದರ ಉತ್ತರಕ್ಕೆ, ಆ ಕಡೆ ಅದು ಮನುಷ್ಯರ ಅಪ್ಪಣೆಗೆ, ಹೀಗೆ ಪರಸ್ಪರ ಮರ್ಯಾದೆಯಿಂದ ಕಾಯುತ್ತಾ ಎಷ್ಟು ಹೊತ್ತು ಬೇಕಾದರೂ ಕಳೆಯಬಹುದು. ಮತ್ತೆ ಆಜ್ಞೆ ಕೇಳುವ ಸಾಲು ಮೂಡಿತೇ ಎಂದು ವಿಚಾರಿಸಿದೆ, ಮೂಡಿತ್ತು. ಅಂದರೆ ಇದು ಒಳ್ಳೆಯ ಮೌನವೇ.

ಇಂಥ ಅಪನಂಬಿಕೆಯವರಿಗಾಗಿ ಒಂದು ಉಪಾಯವುಂಟು. ಮಾಡ್ಯೂಲಿನ ಹೆಸರಿನ ಬಳಿಕ ಜಾಗ ಬಿಟ್ಟು, ಲೋಕದಲ್ಲೆಲ್ಲೂ ಇಲ್ಲದ 9999ನೆಯ ಆವೃತ್ತಿಯನ್ನು ಬೇಡಬೇಕು. ಹೆಸರು ಮತ್ತು ಸಂಖ್ಯೆ ಎರಡೂ ಉದ್ಧರಣ ಚಿಹ್ನೆಯೊಳಗಿರಬೇಕು. ಅಷ್ಟು ಹೊತ್ತು ಮುನಿಯಂತಿದ್ದ ಮಾಡ್ಯೂಲ್ ಆಗ ಬಾಯಿಬಿಟ್ಟು, ಕೇಳಿದ್ದು 9999, ಇಲ್ಲಿರುವುದು ಇಂತಿಷ್ಟು ಮಾತ್ರ ಎಂದು ತನ್ನ ನಿಜವಾದ ಆವೃತ್ತಿಸಂಖ್ಯೆಯನ್ನು ಒಪ್ಪಿಕೊಳ್ಳುತ್ತದೆ. ಸೌಜನ್ಯದಿಂದ ಕೇಳಿದರೆ ಸಿಗದ ಮಾಹಿತಿ ಅನ್ಯಾಯದ ಬೇಡಿಕೆಯಿಟ್ಟೊಡನೆ ಸಿಗುತ್ತದೆ. ಪರ್ಲ್‌ಡಾಕ್ ಎಂಬ, ಕೈಪಿಡಿಗಳನ್ನು ತೋರಿಸುವ ಸಲಕರಣೆಗೆ ಎಲ್ ಎಂಬ ಆಯ್ಕೆ ಕೊಟ್ಟು ಫೈಲಿನ ವಿಳಾಸ ಕೇಳುವ ಸಂಭಾವಿತ ದಾರಿಯೂ ಇದೆ. ಆದರೆ ಕೈಪಿಡಿ ಬರೆದಿಡದ ಮಾಡ್ಯೂಲಾದರೆ, ಎದುರಿಗೇ ಇದ್ದರೂ ದಾಖಲೆ ಸಿಗಲಿಲ್ಲವೆಂದು ಅದು ಕೈಚೆಲ್ಲುತ್ತದೆ. ನನ್ನ ಮತ 9999ಕ್ಕೇ.

ಹಿರಿಯರ ಪರದೆಯ ಮೇಲೆ ಆವೃತ್ತಿಸಂಖ್ಯೆ ಬಂತು. ಅದನ್ನು ನೋಡಿದ ಮೇಲೂ ಅವರದು ಒಂದೇ ಮಾತು: "ಇದ್ದರೆ ರಾತ್ರಿ ಯಾಕೆ ಇಲ್ಲ ಅನ್ನುತ್ತೆ?"

ಪ್ರಶ್ನೆ ನ್ಯಾಯವಾದದ್ದೇ. ನಿನ್ನೆಯವರೆಗೆ ಇದ್ದದ್ದು ಇಂದು ಇಲ್ಲವಾಗುವುದು ಪರ್ಲ್ ಬಳಸುವವರಿಗೆ ಹೊಸದಲ್ಲ. ವರ್ಷಗಟ್ಟಲೆ ಭಾಷೆಯ ಜೊತೆಗೇ ಬರುತ್ತಿದ್ದ ಸಿಜಿಐ ಎಂಬ ಮಾಡ್ಯೂಲನ್ನು 2015ರ 5.22ನೆಯ ಆವೃತ್ತಿಯಲ್ಲಿ ಮೂಲ ಸರಂಜಾಮಿನಿಂದ ಹೊರಗಿಟ್ಟಾಗ, ಪರ್ಲನ್ನು ಮೇಲ್ದರ್ಜೆಗೇರಿಸಿದವರು ಹಳೆಯ ಸ್ಕ್ರಿಪ್ಟುಗಳಿಗಾಗಿ ಅದನ್ನು ಪರ್ಲ್ ಮಾಡ್ಯೂಲುಗಳ ಸಿಪ್ಯಾನ್ ಎಂಬ ಅಂತರಜಾಲ ಭಂಡಾರದಿಂದ ಬೇರೆಯಾಗಿ ತಂದುಕೊಳ್ಳಬೇಕಾಯಿತು. ಆದರೆ ಇಲ್ಲಿನ ತೊಡಕು ಅದಲ್ಲ. ಒಂದೇ ಕಂಪ್ಯೂಟರಿನಲ್ಲಿ ಎರಡು ಮೂರು ಪರ್ಲುಗಳು, ಒಂದಕ್ಕೊಂದು ಪರಿಚಯವಿಲ್ಲದೆ, ತಮ್ಮ ತಮ್ಮ ಮಾಡ್ಯೂಲುಗಳನ್ನು ತಮ್ಮ ತಮ್ಮ ಫೋಲ್ಡರುಗಳಲ್ಲಿಟ್ಟುಕೊಂಡು ಸಂಸಾರ ಮಾಡಬಲ್ಲವು. ಹಗಲಿನಲ್ಲಿ ನಾವು ಟರ್ಮಿನಲ್ಲಿನಲ್ಲಿ ಮಾತನಾಡಿಸುವ ಪರ್ಲ್ ಒಂದು. ರಾತ್ರಿ ಕ್ರಾನ್ ಎಂಬ ವೇಳಾಪಾಲಕನು ಎಬ್ಬಿಸುವ ಪರ್ಲ್ ಇನ್ನೊಂದಾಗಿರಬಹುದು. ಪರ್ಲ್ ಒಂದೇ ಆಗಿದ್ದರೂ, ನಮ್ಮ ಖಾತೆಗೆ ಹೇಳಿಕೊಟ್ಟ ಹುಡುಕುದಾರಿಗಳು ಕ್ರಾನಿಗೆ ಗೊತ್ತಿರಬೇಕೆಂದಿಲ್ಲ.

ಆದ್ದರಿಂದ ಕ್ರಾನಿನ ಪಟ್ಟಿಯಲ್ಲಿ ಬರೆದಿದ್ದ ಪರ್ಲಿನ ಪೂರ್ಣ ವಿಳಾಸವನ್ನೇ ಓದಿಸಿ, ಮೊದಲಿನ ಆಜ್ಞೆಯನ್ನು ಆ ವಿಳಾಸದಿಂದಲೇ ಆರಂಭಿಸಿ ಮತ್ತೊಮ್ಮೆ ಬರೆಸಿದೆ. ಓರೆಗೆರೆ ಯಾವ ಕಡೆಗೆ ವಾಲಬೇಕೆಂಬುದರ ಬಗ್ಗೆ ಸ್ವಲ್ಪ ಚರ್ಚೆ ನಡೆದ ಬಳಿಕ ಅವರು ಎಂಟರ್ ಒತ್ತಿದರು. ಮಾಡ್ಯೂಲ್ ಸಿಗಲಿಲ್ಲ, ಬಹುಶಃ ಅದನ್ನು ಹಾಕಿಕೊಳ್ಳಬೇಕಾಗಬಹುದು ಎಂಬ ಒಕ್ಕಣೆಯೊಡನೆ ಹುಡುಕಿದ ಫೋಲ್ಡರುಗಳ ಪಟ್ಟಿಯೆಲ್ಲ ಪರದೆಯ ಮೇಲೆ ಇಳಿಯಿತು.

"ಈಗ ಬಂತು ನೋಡಿ!" ಎಂದರು ಹಿರಿಯರು, ಗೆದ್ದ ದನಿಯಲ್ಲಿ. "ಇಲ್ಲ ಅಂತ ಆಗಿನಿಂದ ಹೇಳ್ತಾನೇ ಇದ್ದೆ."